ಫುಲ್ ರೇಂಜ್ ಸ್ಪೀಕರ್ ಮೇಲೆ ತಪ್ಪು ಹೊರಿಸಬೇಡಿ

ಮಾಡೆಲರ್‌ಗೆ (ಬೇರೆ ಬೇರೆ ಗಿಟಾರ್ ಆಂಪ್‌ಗಳ ಸೌಂಡನ್ನು ಡಿಜಿಟಲ್ ಆಗಿ ಕೊಡುವ ಪೆಟ್ಟಿಗೆ) ಫುಲ್ ರೇಂಜ್ ಸ್ಪೀಕರ್ ಹಾಕಿದರೆ ವೇದಿಕೆಯಲ್ಲಿ ಗಿಟಾರ್ ಕಿವಿಗೆ ಚುಚ್ಚುತ್ತದೆ ಎಂದು ಬರೆದಿದ್ದೀರಿ. ಚುಚ್ಚುವುದು ನಿಜ ಸರ್. ಆದರೆ ಅದು ಸ್ಪೀಕರಿನ ತಪ್ಪಲ್ಲ. ದಾವಣಗೆರೆಯಲ್ಲಿ ಆರ್ಕೆಸ್ಟ್ರಾಗೆ ಗಿಟಾರ್ ನುಡಿಸುತ್ತೇನೆ. ಗಣೇಶನ ಹಬ್ಬದ ವೇದಿಕೆಯಲ್ಲಿ ಮೊದಲ ಸಲ ನನಗೂ ಹೀಗೇ ಆಯ್ತು. ಟೋನ್ ಸೆಟ್ ಮಾಡಿದ್ದು ವಿದ್ಯಾನಗರದ ರೂಮಿನಲ್ಲಿ, ಮನೆಯವರೆಲ್ಲ ಮಲಗಿದ ಮೇಲೆ, ಸಣ್ಣ ಸೌಂಡಿನಲ್ಲಿ. ಸೌಂಡ್ ಜೋರಾದಂತೆ ನಮ್ಮ ಕಿವಿಗೆ ಬೇಸೂ ಟ್ರೆಬಲ್ಲೂ ಜಾಸ್ತಿ ಕೇಳಿಸುತ್ತವೆ. ಅದಕ್ಕೇ ರೂಮಿನಲ್ಲಿ ಸರಿಯಿದ್ದ ಟೋನ್ ವೇದಿಕೆಯಲ್ಲಿ ಚುಚ್ಚಿತು.

ಮಾಮೂಲಿ ಗಿಟಾರ್ ಸ್ಪೀಕರ್ ಸುಮಾರು 5 ಕಿಲೋಹರ್ಟ್ಜ್ ದಾಟಿದ ಚೂಪು ಸೌಂಡನ್ನು ತಾನಾಗೇ ಇಳಿಸುತ್ತದೆ. ಫುಲ್ ರೇಂಜ್ ಹಾಗಲ್ಲ, ಕೊಟ್ಟದ್ದನ್ನೆಲ್ಲ ಹೊರಗೆ ಹಾಕುತ್ತದೆ. ಅದಕ್ಕೇ ಕ್ಯಾಬ್ ಸಿಮ್ಯುಲೇಶನ್, ಅಂದರೆ ಗಿಟಾರ್ ಸ್ಪೀಕರ್ ಬಾಕ್ಸಿನ ದನಿಯನ್ನು ಮಾಡೆಲರ್ ಒಳಗೇ ಅನುಕರಿಸುವ ಸೆಟ್ಟಿಂಗ್, ಆನ್ ಇರಲೇಬೇಕು. ಈಗ ನಾನು ವೇದಿಕೆಯ ವಾಲ್ಯೂಮಿನಲ್ಲೇ ಟೋನ್ ನೋಡಿಕೊಂಡು, 80 ಹರ್ಟ್ಜ್ ಕೆಳಗಿನದನ್ನೂ 6 ಕಿಲೋಹರ್ಟ್ಜ್ ಮೇಲಿನದನ್ನೂ ಕಟ್ ಮಾಡುತ್ತೇನೆ. ಗಿಟಾರ್ ದನಿ ಎಷ್ಟು ಮೆತ್ತಗಾಗುತ್ತದೆ ಗೊತ್ತಾ! ಜನ ಪಿಎಯಲ್ಲಿ (ಅವರ ಕಡೆ ತಿರುಗಿಸಿಟ್ಟ ದೊಡ್ಡ ಸ್ಪೀಕರ್‌ಗಳಲ್ಲಿ) ಕೇಳುವ ಟೋನೇ ಹೆಚ್ಚುಕಡಿಮೆ ನನಗೂ ಕೇಳುತ್ತದೆ. ನನಗೆ ಬೇಕಾಗಿದ್ದೂ ಅದೇ.

ಇನ್ನೊಂದು, ಬಾಕ್ಸನ್ನು ಸುಮ್ನೆ ನೆಲದ ಮೇಲೆ ಇಡಬೇಡಿ. ಮರದ ವೇದಿಕೆ ಗುಂಯ್ ಅನ್ನುತ್ತದೆ. ಶಾಮಿಯಾನದವರ ಹತ್ತಿರ ಒಂದು ಗಟ್ಟಿ ಕಬ್ಬಿಣದ ಕುರ್ಚಿ ಕೇಳಿ, ಅದರ ಮೇಲಿಟ್ಟು ನಿಮ್ಮ ಕಿವಿಯ ಕಡೆ ತಿರುಗಿಸಿ.