ಬೀರುವಿನ ಕೀಲಿ ಯಾರ ಹತ್ರ ಇದೆ?

ನಿನ್ನೆ ಜಗಳೂರು ಕಡೆ ಒಂದು ಸರ್ಕಾರಿ ಶಾಲೆಗೆ ಹೋಗಿದ್ದೆ. ಊರ ಹೆಸರು ಬರೆಯಲ್ಲ. ಬರೆದರೆ ನಾಳೆ ಬೆಳಗ್ಗೆ ಆ ಹೆಡ್ಮೇಷ್ಟ್ರಿಗೆ ಫೋನ್ ಹೋಗ್ತದೆ, ತಪ್ಪು ಅವರದ್ದು ಅರ್ಧ ಮಾತ್ರ.

ಪುಸ್ತಕ ದಾನದ ಕಾರ್ಯಕ್ರಮ. ಶಾಮಿಯಾನ, ಶಾಲು, ಹಾರ, ಫ್ಲೆಕ್ಸು. ಫ್ಲೆಕ್ಸಿನ ತುಂಬ ದಾನಿಗಳ ಮುಖ. ನೆರಳು ದೊಡ್ಡೋರ ತಲೆಗಷ್ಟೇ ಸಾಕಾಗಿತ್ತು, ಮಕ್ಕಳು ಬಿಸಿಲಲ್ಲಿ. ಒಂದೂವರೆ ಗಂಟೆ ಭಾಷಣ ಆದಮೇಲೆ ಒಂದೊಂದು ಮಗುವಿನ ಕೈಗೆ ಒಂದೊಂದು ಪುಸ್ತಕ ಕೊಟ್ಟು, ಈ ಕಡೆ ನೋಡಪ್ಪಾ, ಕ್ಲಿಕ್. ನಾಲ್ಕನೇ ಕ್ಲಾಸಿನ ಹುಡುಗನಿಗೆ ಪಿಯುಸಿ ಅಕೌಂಟೆನ್ಸಿ ಗೈಡು. ಅವನ ಪಕ್ಕದವನಿಗೆ 2017ರ ಡೈರಿ. ಡೈರಿ ಕಣ್ರೀ! ಅದರೊಳಗೆ ಯಾರದೋ ಮನೆಯ ಹಾಲಿನ ಲೆಕ್ಕ.

ಒಬ್ಬ ಹುಡುಗಿಗೆ ಮಾತ್ರ ಅದೃಷ್ಟಕ್ಕೆ ಕಾಡುಪ್ರಾಣಿಗಳ ಚಿತ್ರದ ಪುಸ್ತಕ ಸಿಕ್ಕಿತ್ತು. ಫೋಟೋ ಮುಗಿದಿದ್ದೇ ಕಟ್ಟೆ ಮೇಲೆ ಕೂತು ತೆಗೆದಳು. ಒಂದು ಪುಟದಲ್ಲಿ ಬೆರಳು ನಿಂತಿತು. ಕೊಂಬು ಎಣಿಸಿದಳು: ಒಂದು, ಎರಡು, ಮೂರು, ನಾಲ್ಕು. ಮತ್ತೆ ಎಣಿಸಿದಳು. "ಸಾರ್, ಇದು ನಮ್ಮ ರಂಗಯ್ಯನದುರ್ಗದ ಕಾಡಾಗೈತಲ್ಲ, ಕೊಂಡುಕುರಿ!" ಹೌದು ಅಂದೆ. ಅಡಿಯಲ್ಲಿದ್ದ ಸಾಲನ್ನು ಅಕ್ಷರ ಕೂಡಿಸಿ ಕೂಡಿಸಿ ಅರ್ಧ ಓದಿದ್ದಳಷ್ಟೇ, ಅಟೆಂಡರ್ ಬಂದು ಪುಸ್ತಕ ಇಸಕೊಂಡ. ಎಲ್ಲವನ್ನೂ ಒಟ್ಟು ಮಾಡಿ ಆಫೀಸ್ ರೂಮಿನ ಕಬ್ಬಿಣದ ಬೀರುವಿಗೆ ತುಂಬಿ ಬೀಗ. ಕೀಲಿ ಹೆಡ್ಮೇಷ್ಟ್ರ ಜೇಬಿಗೆ. ಬೀರುವಿನ ಕೆಳಗಿನ ಅರೆಯಲ್ಲಿ ಹಳೇ ದಾನದ ಕಟ್ಟುಗಳು ಕಂಡವು. ಕಟ್ಟಿದ ಸುತಲಿ ಇನ್ನೂ ಬಿಚ್ಚಿರಲಿಲ್ಲ.

"ಸ್ಟಾಕ್ ರಿಜಿಸ್ಟರಿಗೆ ಏರಿಸಬೇಕು ಸಾರ್. ಮಕ್ಕಳ ಕೈಗೆ ಕೊಟ್ರೆ ಹರಿದು ಹಾಕ್ತಾವೆ, ಲೆಕ್ಕ ಕೊಡೋರು ಯಾರು?" ಅಂದ್ರು. ಒಪ್ಪಿದೆ, ಮೇಷ್ಟ್ರಿಗೆ ಮೊಟ್ಟೆಯ ಲೆಕ್ಕ, ಹಾಲಿನ ಲೆಕ್ಕ, ಗಣತಿ, ಚುನಾವಣೆ ಎಲ್ಲಾ ಇದೆ. ಆದ್ರೂ ಹರಿದರೆ ಹರೀಲಿ ಬಿಡ್ರೀ! ನಾಲ್ಕು ಮಕ್ಕಳು ಎಳೆದಾಡಿ ಹರಿದ ಪುಸ್ತಕ ಬೇಕೋ, ಗೆದ್ದಲು ತಿಂದದ್ದು ಬೇಕೋ? ಗೆದ್ದಲಿನ ಹತ್ರ ಯಾವ ರಿಜಿಸ್ಟರಿಗೆ ಸಹಿ ಹಾಕಿಸ್ಕೊಂಡಿದ್ದೀರಿ?

ನಮ್ಮಲ್ಲಿ ಕಾನೂನಿಗೇನೂ ಬರ ಇಲ್ಲ, ಬರ ಇರೋದು ಜಗಳೂರಿಗೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಪ್ರತಿ ಶಾಲೆಗೂ ಗ್ರಂಥಾಲಯ, ಅದರಲ್ಲಿ ಕಥೆಪುಸ್ತಕವೂ ಇರಬೇಕು ಅಂತ ಬರೆದಿದೆ. ನಾವು ದಾವಣಗೆರೆಯಲ್ಲಿ ಮನೆ ಕಂದಾಯ ಕಟ್ಟುವಾಗ ಅದರ ಮೇಲೆ ಶೇ 6ರಷ್ಟು ಗ್ರಂಥಾಲಯ ಕರವನ್ನೂ ಕಟ್ತೀವಿ, ರಸೀದಿ ತೆಗೆದು ನೋಡಿ. 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಅಂತ ಶುರುಮಾಡಿ ಪಂಚಾಯ್ತಿ ಗ್ರಂಥಾಲಯದಲ್ಲಿ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವವನ್ನೂ ಕೊಟ್ರು. ಒಳ್ಳೇದೇ. ಆದರೆ ಈ ಹುಡುಗಿಗೂ ಕೊಂಡುಕುರಿಗೂ ನಡುವೆ ಇರೋದು ಒಂದು ಕೀಲಿ.

ನಮ್ಮ ದೇಶದ ಗ್ರಂಥಾಲಯ ಶಾಸ್ತ್ರದ ಪಿತಾಮಹ ಎಸ್.ಆರ್. ರಂಗನಾಥನ್ 1931ರಲ್ಲೇ ಗ್ರಂಥಾಲಯಕ್ಕೆ ಐದು ಸೂತ್ರ ಬರೆದರು. ಮೊದಲನೇದು, ಪುಸ್ತಕ ಇರೋದು ಬಳಸೋಕೆ. ಹಿಂದೆ ಯುರೋಪಿನಲ್ಲಿ ಪುಸ್ತಕಕ್ಕೆ ಸರಪಳಿ ಬಿಗಿದು ಇಡ್ತಿದ್ದ ಕಥೆಯನ್ನೂ ಅಲ್ಲಿ ಹೇಳ್ತಾರೆ. ಪುಣ್ಯಾತ್ಮರು, ಸರಪಳಿ ಹಾಕಿದ್ರೂ ಪಕ್ಕದಲ್ಲಿ ನಿಂತು ಓದೋಕೆ ಬಿಡ್ತಿದ್ರು. ನಮ್ಮ ಬೀರು ಅದಕ್ಕೂ ಬಿಡಲ್ಲ.

ಸರಿ, ಇಷ್ಟೊತ್ತು ಕೂಗಾಡಿದ ನಾನೇನು ಸಾಚಾ ಅಲ್ಲ. ಮೂರು ವರ್ಷದ ಹಿಂದೆ ಮನೆ ಸುಣ್ಣ ಹೊಡೆಸುವಾಗ ಒಂದು ಡಬ್ಬ ಪುಸ್ತಕ ಶಾಲೆಗೆ ಕೊಟ್ಟೆ ಅಂತ ಇಲ್ಲೇ ಫೋಟೋ ಹಾಕಿದ್ದೆ, ನೆನಪಿದೆಯಾ? ನೀವೆಲ್ಲ ಲೈಕ್ ಒತ್ತಿದ್ರಿ. ಆ ಡಬ್ಬದಲ್ಲಿ ಇದ್ದದ್ದು ಮಗನ ಸಿಇಟಿ ಗೈಡುಗಳು. ರದ್ದಿಯವನು ಕಿಲೋಗೆ ಕಮ್ಮಿ ಕೇಳಿದ ಅಂತ ದಾನಿಯಾದೆ. ಮಿಲ್ ಕೂಲಿಯ ಮಗ ನಾನು, ಮಂಡಕ್ಕಿ ಪೊಟ್ಟಣ ಬಿಚ್ಚಿ ಅದರ ಕಾಗದ ಓದಿ, ಎಣ್ಣೆ ಹತ್ತಿದ ಕಡೆ ಕಥೆ ಏನಾಗಿತ್ತೋ ಅಂತ ರಾತ್ರಿಯೆಲ್ಲ ಯೋಚಿಸಿದವನು. ನನಗಾದ್ರೂ ಗೊತ್ತಿರಬೇಕಿತ್ತು. ನಿನ್ನೆ ಆ ಡೈರಿ ನೋಡಿ ಹೊಟ್ಟೆ ಉರಿದದ್ದಕ್ಕೆ ಅದೂ ಒಂದು ಕಾರಣ.

ಹೊರಡುವಾಗ ಹೆಡ್ಮೇಷ್ಟ್ರ ಹತ್ರ ಒಂದು ಒಪ್ಪಂದ ಆಗಿದೆ. ಕ್ಲಾಸ್ ರೂಮಿನ ಈ ಗೋಡೆಯಿಂದ ಆ ಗೋಡೆಗೆ, ಮಕ್ಕಳ ಎದೆಮಟ್ಟಕ್ಕೆ ಹಗ್ಗ ಕಟ್ಟೋದು. ತೆಳ್ಳನೆಯ ಕಥೆಪುಸ್ತಕಗಳನ್ನ ಬಟ್ಟೆ ಕ್ಲಿಪ್ಪಿನಲ್ಲಿ ನೇತುಹಾಕೋದು. ಬೇಕಾದೋರು ಕಿತ್ತು ಓದೋದು. "ಹರಿದ್ರೆ?" ಅಂತ ಮತ್ತೆ ಕೇಳಿದ್ರು. ಹರಿದದ್ದಕ್ಕೆ ನಾನೇ ಹೊಸದು ತಂದುಕೊಡ್ತೀನಿ, ಬರೆದುಕೊಡ್ತೀನಿ ಬೇಕಾದ್ರೆ ಅಂದೆ. ಬರೆಸಿಕೊಂಡೇಬಿಟ್ರು, ಪುಣ್ಯಾತ್ಮ! ಬೀರುವಿನಿಂದ ಮೊದಲು ಹೊರಗೆ ಬರಬೇಕಾದ್ದು ಯಾವುದು ಅಂತಲೂ ಅದರಲ್ಲೇ ಬರೆದಿದ್ದೀನಿ.

ಶನಿವಾರ ಹೋಗ್ತಿದ್ದೀನಿ. ಹಗ್ಗ ನನ್ನ ಹತ್ರ ಇದೆ. ಕ್ಲಿಪ್ಪು ನೂರಾದ್ರೂ ಬೇಕು, ಯಾರ ಮನೇಲಿ ಹೆಚ್ಚಿಗೆ ಇದ್ರೆ ಇನ್‌ಬಾಕ್ಸಿಗೆ ಬನ್ನಿ. ಐದನೇ ಕ್ಲಾಸಿನೊಳಗಿನ ಮಕ್ಕಳು ಓದುವಂಥ, ನೀವೇ ಒಂದ್ಸಲ ತೆಗೆದು ನೋಡಿದ ಕನ್ನಡ ಕಥೆಪುಸ್ತಕ ಇದ್ರೆ ಅದೂ ಕೊಡಿ. ಡೈರಿ ತಂದವರಿಗೆ ಮಾತ್ರ ನಾನೇ ಹಾರ ಹಾಕ್ತೀನಿ.