ಸ್ಟೂಲೂ ಕಂಡಮ್, ಕೋಬಾಲ್ಟೂ ಕಂಡಮ್

ನಮ್ಮಪ್ಪ ಹಾಸನ ಜಿಲ್ಲೆಯ ಒಂದು ಸರ್ಕಾರಿ ಕಾಲೇಜಿನಲ್ಲಿ ಮೂವತ್ತು ವರ್ಷದ ಮೇಲೆ ಲ್ಯಾಬ್ ಅಟೆಂಡರ್ ಆಗಿದ್ದವರು. 2018ರ ಬೇಸಿಗೆಯಲ್ಲಿ ನಮ್ಮ ಮನೆಗೆ ಬಂದಿದ್ದರು. ನಾವಿರೋದು ಅಮೆರಿಕದ ವಾಷಿಂಗ್ಟನ್ ರಾಜ್ಯದ ರಿಚ್‌ಲ್ಯಾಂಡಿನಲ್ಲಿ. ಬಂದ ನೆಂಟರಿಗೆ ಇಲ್ಲಿ ತೋರಿಸುವಂಥದ್ದು ಕಮ್ಮಿ. ದ್ರಾಕ್ಷಿ ತೋಟ, ಕೊಲಂಬಿಯಾ ನದಿ, ಬಿಟ್ಟರೆ ಹ್ಯಾನ್‌ಫರ್ಡ್.

ಹ್ಯಾನ್‌ಫರ್ಡ್ ಅಂದರೆ ನಾಗಸಾಕಿಯ ಬಾಂಬಿಗೆ ಪ್ಲುಟೋನಿಯಂ ಮಾಡಿಕೊಟ್ಟ ಜಾಗ. 1943ರಲ್ಲಿ ಅಲ್ಲಿದ್ದ ರೈತರನ್ನೂ ಮೂಲನಿವಾಸಿಗಳನ್ನೂ ಎಬ್ಬಿಸಿ ಕಟ್ಟಿದ್ದು. (ನಮ್ಮೂರ ಹೈಸ್ಕೂಲ್ ತಂಡದ ಹೆಸರು ಇವತ್ತಿಗೂ ಬಾಂಬರ್ಸ್. ಲಾಂಛನ ಅಣಬೆ ಮೋಡ. ನನಗಿನ್ನೂ ಅಭ್ಯಾಸ ಆಗಿಲ್ಲ.) ಅಲ್ಲಿನ ಮೊದಲ ರಿಯಾಕ್ಟರನ್ನು ಈಗ ಮ್ಯೂಸಿಯಂ ಮಾಡಿದ್ದಾರೆ. ಆಗ ಬಸ್ಸಲ್ಲಿ ಪುಕ್ಕಟೆ ಕರೆದುಕೊಂಡು ಹೋಗುತ್ತಿದ್ದರು. ಅಪ್ಪನನ್ನೂ ಕರೆದುಕೊಂಡು ಹೋದೆ.

ಅಪ್ಪನಿಗೆ ರಿಯಾಕ್ಟರ್ ಅಷ್ಟೇನೂ ಹಿಡಿಸಲಿಲ್ಲ. ಅವರ ತಲೆ ಕೊರೆದದ್ದು ಒಡೆಯುತ್ತಿರುವ ಕಟ್ಟಡಗಳ ಕಥೆ. ಪ್ಲುಟೋನಿಯಂ ತಯಾರಾಗುವುದು 1987ರಲ್ಲೇ ನಿಂತಿತು. ಅಲ್ಲಿಂದಾಚೆ ಇಲ್ಲಿನ ಸಾವಿರಾರು ಜನರ ಕೆಲಸ ಒಂದೇ, ವಿಕಿರಣ ಅಂಟಿದ ಕಟ್ಟಡಗಳನ್ನು ಬಿಚ್ಚುವುದು, ತೊಳೆಯುವುದು, ಹೂಳುವುದು. ಈಚೆಗಂತೂ ವರ್ಷಕ್ಕೆ ಸುಮಾರು 3 ಬಿಲಿಯನ್ ಡಾಲರ್ ಇದಕ್ಕೇ ಹೋಗುತ್ತದೆ. ಅಪ್ಪ ಅಂದರು, "ಕಟ್ಟೋಕೆ ದುಡ್ಡು ಸುರಿಯೋದು ನೋಡಿದ್ದೀನಿ ಕಣೋ. ಕೆಡವೋಕೆ ಇಷ್ಟೊಂದಾ? ನಮ್ಮಲ್ಲಿ ಕಂಡಮ್ ಮಾಡಿ ಹರಾಜು ಹಾಕಿದ್ರೆ ಮುಗೀತು. ನಾಲ್ಕು ಕಾಸು ಬರ್ತದೆ ಬೇರೆ."

ಕಂಡಮ್. ಸರ್ಕಾರಿ ಕೆಲಸದಲ್ಲಿದ್ದವರಿಗೆ ಈ ಪದ ಗೊತ್ತು, ಇನ್ನು ಉಪಯೋಗಕ್ಕಿಲ್ಲ ಅಂತ ಬರೆದು ತೆಗೆದುಹಾಕೋದು. ಕಾಲು ಮುರಿದ ಸ್ಟೂಲು, ತಿರುಗದ ಫ್ಯಾನು, ಕೆಟ್ಟ ಟೈಪ್‌ರೈಟರು, ಎಲ್ಲಕ್ಕೂ ಅದೇ. ಸಾಮಾನಿನ ಲೆಕ್ಕ ಬರೆಯುವ ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ ಒಂದು ಗೀಟು, ಕಮಿಟಿಯ ಮೂರು ಸಹಿ, ಆಮೇಲೆ ಗುಜರಿಯವನ ತಕ್ಕಡಿ. ಸ್ಟೂಲಿಗೆ ಇದು ಸರಿ. ನನ್ನ ತಕರಾರು ಇರೋದು ಲ್ಯಾಬಿನ ಸಾಮಾನಿಗೂ ಇದೇ ಗೀಟು, ಇದೇ ತಕ್ಕಡಿ ಅನ್ನೋದಕ್ಕೆ.

2010ರಲ್ಲಿ ದೆಹಲಿಯಲ್ಲಿ ಆಗಿದ್ದು ಇದೇ. ದೆಹಲಿ ವಿಶ್ವವಿದ್ಯಾಲಯದ ಕೆಮಿಸ್ಟ್ರಿ ವಿಭಾಗದಲ್ಲಿ ಸುಮಾರು ನಲವತ್ತು ವರ್ಷ ಮುಂಚೆ ಕೆನಡಾದಿಂದ ತರಿಸಿದ್ದ ಒಂದು ಗಾಮಾ ಸೆಲ್ ಇತ್ತು, ಪ್ರಯೋಗಕ್ಕೆ ವಿಕಿರಣ ಹಾಯಿಸುವ ಯಂತ್ರ. ಒಳಗೆ ವಿಕಿರಣ ಸೂಸುವ ಕೋಬಾಲ್ಟ್-60. 1985ರ ನಂತರ ಯಾರೂ ಅದನ್ನು ಮುಟ್ಟಿರಲಿಲ್ಲ. ಬಳಸುತ್ತಿದ್ದ ಮೇಷ್ಟ್ರು ರಿಟೈರ್ ಆಗಿದ್ದರು. ಫೆಬ್ರವರಿಯಲ್ಲಿ ಹಳೇ ಸಾಮಾನಿನ ಜೊತೆ ಅದನ್ನೂ ಹರಾಜು ಹಾಕಿದರು. ಕೊಂಡವರು ಮಾಯಾಪುರಿಯ ಗುಜರಿಯವರು. ಅವರ ಕಣ್ಣಿಗೆ ಅದು ಬರೀ ಸೀಸ ಮತ್ತು ಉಕ್ಕು. ಕತ್ತರಿಸಿದರು. ಒಳಗಿನ ಚೂರುಗಳು ಅಂಗಡಿಯಿಂದ ಅಂಗಡಿಗೆ ಹೋದವು. ಒಂದು ಚೂರಂತೂ ಒಬ್ಬರ ಪರ್ಸಿನಲ್ಲಿ ಸೇರಿತ್ತು. ಕೈ ಕಪ್ಪಾಯಿತು, ಕೂದಲು ಉದುರಿತು. ಏಪ್ರಿಲ್‌ನಲ್ಲಿ ಆಸ್ಪತ್ರೆಯವರಿಗೆ ಅನುಮಾನ ಬರುವವರೆಗೂ ಯಾರಿಗೂ ಏನೂ ಗೊತ್ತಿಲ್ಲ. ಒಬ್ಬರು ಸತ್ತೇ ಹೋದರು.

ಕೋಬಾಲ್ಟ್-60ರ ಅರ್ಧಾಯುಷ್ಯ 5.27 ವರ್ಷ. ಅಷ್ಟು ವರ್ಷಕ್ಕೊಮ್ಮೆ ಅದರ ಕಸುವು ಅರ್ಧಕ್ಕಿಳಿಯುತ್ತದೆ. ನಲವತ್ತು ವರ್ಷ ಕಳೆದರೆ ಇನ್ನೂರರಲ್ಲಿ ಒಂದು ಪಾಲು ಉಳಿದೀತು. ಆ ಒಂದು ಪಾಲೇ ಪ್ರಾಣ ತೆಗೆಯಿತು.

ಇದನ್ನೆಲ್ಲ ಬಸ್ಸಲ್ಲಿ ಅಪ್ಪನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ನಿದ್ದು, "ರಿಜಿಸ್ಟರಲ್ಲಿ ಅದನ್ನ ಏನಂತ ಬರ್ದಿದ್ರೋ" ಅಂದರು. ನನಗೆ ಹೊಳೆಯದಿದ್ದ ಪ್ರಶ್ನೆ ಅದು.

ಹಾಗಂತ ಅಮೆರಿಕದವರು ಭಾರಿ ಶಿಸ್ತಿನವರು ಅಂದುಕೊಳ್ಳಬೇಡಿ. ನಮ್ಮೂರಿನ ಉತ್ತರಕ್ಕೆ, ಕೊಲಂಬಿಯಾ ನದಿಯಿಂದ ಸುಮಾರು 300 ಮೀಟರ್ ದೂರದಲ್ಲಿ 324 ನಂಬರಿನ ಕಟ್ಟಡ ಇದೆ. ಸರ್ಕಾರದ ಲ್ಯಾಬು. ಒಳಗೆ ಹಾಟ್ ಸೆಲ್ ಅನ್ನುವ ಕೋಣೆಗಳು. ದಪ್ಪ ಕಾಂಕ್ರೀಟ್ ಗೋಡೆ, ಸೀಸ ಬೆರೆಸಿದ ಗಾಜಿನ ಕಿಟಕಿ. ಮನುಷ್ಯ ಹೊರಗೆ ನಿಂತು ಯಂತ್ರದ ಕೈಗಳನ್ನು ಆಡಿಸುತ್ತಾನೆ. 1986ರಲ್ಲಿ ಅಲ್ಲಿ ವಿಕಿರಣ ಸೂಸುವ ಸೀಸಿಯಂ, ಸ್ಟ್ರಾನ್ಶಿಯಂ ತುಂಬಿದ ದ್ರಾವಣ ಚೆಲ್ಲಿತು. ನೆಲಕ್ಕೆ ಸ್ಟೀಲ್ ಹಾಸಿದೆ, ಒರೆಸಿದರಾಯಿತು ಅಂದುಕೊಂಡರು. ಕೆಡವಲು ತಯಾರಿ ನಡೆಸುವಾಗ, ಅಂದರೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದ ಮೇಲೆ, ಸ್ಟೀಲ್ ಬಿರುಕು ಬಿಟ್ಟು ಕೆಳಗಿನ ಮಣ್ಣಿಗೆ ಇಳಿದಿದೆ ಅಂತ ಗೊತ್ತಾಯಿತು. ಅಳೆದಾಗ ವಿಕಿರಣ ಗಂಟೆಗೆ 8,900 ರ‍್ಯಾಡ್. ಬರಿ ಮೈಯಲ್ಲಿ ಪಕ್ಕ ನಿಂತರೆ ಕೆಲವೇ ನಿಮಿಷದಲ್ಲಿ ಪ್ರಾಣಕ್ಕೆ ಕುತ್ತಾಗುವಷ್ಟು ವಿಕಿರಣ ಮೈಗೆ ತಗಲುತ್ತದೆ.

ಕೆಡವುವುದನ್ನು ಅಲ್ಲಿಗೇ ನಿಲ್ಲಿಸಿದರು. ಕಟ್ಟಡವೇ ಆ ಮಣ್ಣಿಗೆ ಮುಚ್ಚಳ, ತೆಗೆದರೆ ಮಳೆ ನೀರು ಇಳಿದು ನದಿಯ ದಾರಿ ಹಿಡಿದೀತು ಅಂತ. ಒಳಗಿನಿಂದಲೇ ಯಂತ್ರದ ಕೈ ಇಳಿಸಿ ಮಣ್ಣು ತೆಗೆಯುವ ಯೋಜನೆ ಹಾಕಿದರು. ಆಮೇಲೆ ನೋಡಿದರೆ ಅಂದುಕೊಂಡದ್ದಕ್ಕಿಂತ ಜಾಸ್ತಿ ಜಾಗಕ್ಕೆ ಹರಡಿದೆ. ಯೋಜನೆ ಮತ್ತೆ ತಿದ್ದಲು ಕೂತರು.

ಅದೇ ವಠಾರದಲ್ಲಿ 2010ರಲ್ಲಿ ಒಂದು ಮೊಲ ಸಿಕ್ಕಿತು, ಮೈಯೆಲ್ಲಾ ಸೀಸಿಯಂ. ಇನ್ನೊಂದು ಲ್ಯಾಬ್ ಕೆಡವುವಾಗ ಧೂಳು ಏಳದಿರಲಿ ಅಂತ ಹೊಡೆದ ನೀರು ನಿಂತಿತ್ತು, ಅದನ್ನು ಕುಡಿದಿರಬೇಕು ಅಂದರು. 1998ರಲ್ಲಿ ಹಣ್ಣಿನ ನೊಣಗಳ ಸರದಿ. ಅವುಗಳಿಂದ ಕಲುಷಿತವಾದ ಕಸ ಊರಿನ ಕಸದ ಗುಂಡಿ ಸೇರಿತ್ತು. ಗುಂಡಿ ಅಗೆದು ವಾಪಸ್ ಹೊತ್ತು ತಂದರು. ಅಪ್ಪ ಬರುವುದಕ್ಕೆ ಆರು ತಿಂಗಳ ಮುಂಚೆ ಪ್ಲುಟೋನಿಯಂ ಕಾರ್ಖಾನೆ ಕೆಡವುವಾಗ ಧೂಳು ಹಾರಿ ಕೆಲಸಗಾರರ ಕಾರುಗಳಿಗೂ ಅಂಟಿತ್ತು.

ಅಂದರೆ ತಪ್ಪು ಇಲ್ಲೂ ಆಗುತ್ತದೆ, ದೊಡ್ಡ ದೊಡ್ಡದೇ ಆಗುತ್ತದೆ. ವ್ಯತ್ಯಾಸ ಬೇರೆ ಕಡೆ ಇದೆ. ಇಲ್ಲಿ ಆ ವಸ್ತುವಿಗೆ ಕೊನೆಯವರೆಗೂ ಒಬ್ಬ ಯಜಮಾನ ಇರುತ್ತಾನೆ. ಕೊಟ್ಟವನ ಸಹಿ, ಸಾಗಿಸಿದವನ ಸಹಿ, ಹೂತವನ ಸಹಿ, ಮೂರೂ ಒಂದೇ ಚೀಟಿಯಲ್ಲಿ. 1989ರಲ್ಲಿ ಕೇಂದ್ರದ ಎರಡು ಇಲಾಖೆ ಮತ್ತು ವಾಷಿಂಗ್ಟನ್ ರಾಜ್ಯ ಸೇರಿ ಒಪ್ಪಂದ ಮಾಡಿಕೊಂಡಿವೆ. ಗಡುವು ತಪ್ಪಿದರೆ ರಾಜ್ಯ ಕೇಂದ್ರವನ್ನೇ ಕೋರ್ಟಿಗೆ ಎಳೆಯುತ್ತದೆ. ಎಳೆದೂ ಇದೆ.

ನಮ್ಮಲ್ಲೂ ಕಾನೂನಿಗೇನೂ ಬರ ಇಲ್ಲ. 2016ರ ಅಪಾಯಕಾರಿ ತ್ಯಾಜ್ಯ ನಿಯಮದಲ್ಲಿ ಇದೇ ಚೀಟಿ ಇದೆ, 90 ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳಬಾರದು ಅಂತಲೂ ಇದೆ. ಬೆಂಗಳೂರಿನ ಹತ್ತಿರ ದಾಬಸ್‌ಪೇಟೆಯಲ್ಲಿ ರಾಸಾಯನಿಕ ತ್ಯಾಜ್ಯವನ್ನು ಹೂಳಲೆಂದೇ ಜಾಗ ಇದೆ. ಆದರೆ ಒಂದು ತಾಲ್ಲೂಕು ಕಾಲೇಜಿನ ಬೀರುವಿನಿಂದ ಹಳೇ ರಾಸಾಯನಿಕದ ಎಂಟು ಬಾಟಲಿ ದಾಬಸ್‌ಪೇಟೆ ಮುಟ್ಟಬೇಕಾದರೆ ಯಾವ ಲೆಕ್ಕದಲ್ಲಿ ದುಡ್ಡು, ಯಾರು ಸಹಿ ಹಾಕೋದು, ಯಾವ ಗಾಡಿ? ಪ್ರಿನ್ಸಿಪಾಲರಿಗೆ ಇದು ತಲೆನೋವು, ಅಷ್ಟೇ. ಅದಕ್ಕೇ ಚಾರ್ಜ್ ಕೊಡುವವರು ಬೀರುವಿನ ಬೀಗದ ಕೈ ಮಾತ್ರ ಕೊಟ್ಟು ಹೋಗುತ್ತಾರೆ.

ಅಮೆರಿಕದವರ ಒಂದು ಉಪಾಯ ನನಗೆ ಬಹಳ ಹಿಡಿಸಿತು. ಇಲ್ಲಿ ತ್ಯಾಜ್ಯ ಜಾಸ್ತಿಯಾದಷ್ಟೂ ಕಾನೂನು ಬಿಗಿ. ಹಾಗಾಗಿ ಕಾಲೇಜುಗಳು ಹಳೇ ಬಾಟಲಿ ಹೊರಗೆ ತೆಗೆಯಲು ಹೆದರುತ್ತಿದ್ದವು. 2008ರಲ್ಲಿ ನಿಯಮ ಬದಲಿಸಿದರು. ಒಪ್ಪಿಕೊಂಡ ಕಾಲೇಜುಗಳಲ್ಲಿ ಪ್ರತಿ ಲ್ಯಾಬೂ ವರ್ಷಕ್ಕೊಮ್ಮೆ ಬೀರು ಖಾಲಿ ಮಾಡಬಹುದು, 30 ದಿನ ಸಮಯ, ಬಳಸದೆ ಉಳಿದ ರಾಸಾಯನಿಕವನ್ನು ಆ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾವು ಆಯುಧಪೂಜೆಗೆ ಹೇಗೂ ಲ್ಯಾಬ್ ತೊಳೆದು ಕುಂಕುಮ ಹಚ್ಚುತ್ತೇವೆ. ಅದರ ಹಿಂದಿನ ವಾರ ಬೀರುವನ್ನೂ ತೆರೆದರೆ ಆಗದಾ?

ಅಪ್ಪನ ಲ್ಯಾಬಿನಲ್ಲೂ ಅಂಥ ಬೀರು ಇತ್ತು. ಚಿಕ್ಕವನಿದ್ದಾಗ ನಾನು ಅಲ್ಲಿ ಪಾದರಸದ ಹನಿಗಳನ್ನು ಅಂಗೈಯಲ್ಲಿ ಉರುಳಿಸಿ ಆಡಿದ್ದೇನೆ. ಕೆಳಗಿನ ಖಾನೆಯಲ್ಲಿ ಪಿಕ್ರಿಕ್ ಆಸಿಡ್ ಬಾಟಲಿ. ನೀರಲ್ಲಿ ನೆನೆದಿದ್ದರೆ ಪರವಾಗಿಲ್ಲ, ಒಣಗಿದರೆ ಮುಚ್ಚಳ ತಿರುಗಿಸುವ ಉಜ್ಜಾಟಕ್ಕೇ ಸಿಡಿಯಬಹುದು. ಯಾರೋ ಮೇಷ್ಟ್ರು ಹೇಳಿದ್ದರಂತೆ, ಅಪ್ಪ ಅದನ್ನು ತೆರೆಯುತ್ತಿರಲಿಲ್ಲ. ಲೇಬಲ್ಲನ್ನು ಹುಳ ತಿಂದಿತ್ತು. ಅವರೇ ನೋಟ್‌ಬುಕ್ಕಿನ ಹಾಳೆ ಹರಿದು, "ಮುಟ್ಟಬಾರದು" ಅಂತ ಬರೆದು ಮೈದಾ ಅಂಟಿನಲ್ಲಿ ಅಂಟಿಸಿದ್ದರು. ಅದರಲ್ಲಿ ಏನಿದೆ ಅಂತ ಬರೆದಿರಲಿಲ್ಲ.

ಹೋದ ತಿಂಗಳು ಫೋನ್ ಮಾಡಿದಾಗ ಅಪ್ಪ ಸುದ್ದಿ ಹೇಳಿದರು. ಕಾಲೇಜಿಗೆ ಹೊಸ ಕಟ್ಟಡ ಆಗಿದೆ, ಹಳೇ ಲ್ಯಾಬಿನ ಸಾಮಾನು ಹರಾಜು. ನೋಟಿಸ್ ಬೋರ್ಡಿನಲ್ಲಿ ಪಟ್ಟಿ ಹಾಕಿದ್ದಾರೆ. ಸ್ಟೂಲು 40, ಕಬ್ಬಿಣದ ಬೀರು 6, ತಕ್ಕಡಿ 9, ಇತರೆ. "ಈ ಇತರೆ ಅಂದ್ರೆ ಏನು ಸ್ವಾಮಿ ಅಂತ ಆಫೀಸಲ್ಲಿ ಕೇಳ್ದೆ. ಯಾರಿಗೂ ಗೊತ್ತಿಲ್ಲ. ಆರು ಬೀರೂ ಬೀಗ ಹಾಕೇ ಇದೆ, ಬೀಗದ ಕೈ ಸಿಗ್ತಿಲ್ಲವಂತೆ" ಅಂದರು. ಸೋಮವಾರ ಮತ್ತೆ ಹೋಗುತ್ತಾರಂತೆ. ಬೀಗ ಒಡೆಯುವವನನ್ನು ಕರೆಸುವ ಮುಂಚೆ ತಾವು ಅಲ್ಲಿರಬೇಕು ಅಂತ.