ಗುಡುಗಿದರೆ ಪ್ಲಗ್ ಕೀಳುವವರು

ಹೋದ ಜುಲೈಯಲ್ಲಿ ಒಂದು ಸಂಜೆ ಮ್ಯೂನಿಕ್‌ನಲ್ಲಿ ಜೋರಾಗಿ ಗುಡುಗಿತು. ನಾನು ಮನೆಯಲ್ಲೇ ಕೂತು ಆಫೀಸಿನ ವಿಡಿಯೋ ಮೀಟಿಂಗ್‌ನಲ್ಲಿದ್ದೆ. ಕೈ ತಾನಾಗಿ ಮೇಜಿನ ಕೆಳಗೆ ಹೋಯಿತು. ಮಾನಿಟರ್, ರೂಟರ್, ಎಲ್ಲದರ ಪ್ಲಗ್ ಕಿತ್ತುಬಿಟ್ಟೆ. ಮರುದಿನ ಜೊತೆಯಲ್ಲಿ ಕೆಲಸ ಮಾಡುವವನು ಬಂದು ಎಲ್ಲಿ ಮಾಯವಾದೆ ಅಂತ ಕೇಳಿದ. ಗುಡುಗು ಬಂತಲ್ಲ, ಪ್ಲಗ್ ಕಿತ್ತೆ ಅಂದೆ. ಅವನಿಗೆ ಮಾತಿನ ತಲೆಬುಡ ತಿಳಿಯಲಿಲ್ಲ. ಹುಟ್ಟಿ ಬೆಳೆದದ್ದು ಇದೇ ಊರಲ್ಲಿ, ಅನ್ನ ಕೊಡುವುದೇ ಕಂಪ್ಯೂಟರ್, ಆದರೂ ಸಿಡಿಲಿಗೆ ಹೆದರಿ ಒಂದು ಪ್ಲಗ್ ಕಿತ್ತವನಲ್ಲ.

ನಾನು ಕೊಡಗಿನ ಸೋಮವಾರಪೇಟೆಯಿಂದ ಆಚೆ, ಶಾಂತಳ್ಳಿ ಕಡೆಯವನು. ನಮ್ಮಲ್ಲಿ ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಗಿಡದಲ್ಲಿ ಹೂ ಅರಳಿಸುವ ಹೂಮಳೆ ಬರುವಾಗ ಸಿಡಿಲೂ ಜೊತೆಗೇ ಬರುತ್ತದೆ. ಪುಷ್ಪಗಿರಿ ಬೆಟ್ಟದ ಕಡೆ ಮೋಡ ಕಪ್ಪಾದರೆ ಮನೆಯೊಳಗಿಂದ ಯಾರಾದರೂ ಕೂಗುತ್ತಾರೆ: "ಪ್ಲಗ್ ಕೀಳ್ರೋ!" ಸ್ವಿಚ್ ಆರಿಸಿದರೆ ಸಾಲದು. ಸ್ವಿಚ್ಚಿನೊಳಗಿನ ಸಂದು ಕೆಲವೇ ಮಿಲಿಮೀಟರ್, ಸಿಡಿಲಿನ ವೋಲ್ಟೇಜ್ ಅದನ್ನು ಸುಲಭವಾಗಿ ಹಾರಿ ದಾಟುತ್ತದೆ. ಸ್ವಿಚ್ ಕಡಿಯುವುದೂ ಫೇಸ್ ತಂತಿಯನ್ನು ಮಾತ್ರ, ನ್ಯೂಟ್ರಲ್ ಹಾಗೇ ಉಳಿದಿರುತ್ತದೆ. ತಮಾಷೆ ನೋಡಿ, ಜರ್ಮನಿಯಲ್ಲಿ ಗೋಡೆಯ ಸಾಕೆಟ್‌ಗೆ ಸ್ವಿಚ್ಚೇ ಇರುವುದಿಲ್ಲ. ಪ್ಲಗ್ ಕೀಳುವುದೊಂದೇ ದಾರಿ. ಕೀಳುವವರು ಮಾತ್ರ ಇಲ್ಲ.

ಲ್ಯಾಂಡ್‌ಲೈನ್ ಫೋನಿನಲ್ಲೇ ಇಂಟರ್ನೆಟ್ ಬರುತ್ತಿದ್ದ ಕಾಲದಲ್ಲಿ ಒಮ್ಮೆ ಮನೆಯ ಎಲ್ಲ ಪ್ಲಗ್ ಕಿತ್ತಿದ್ದೆವು, ಫೋನಿನ ತಂತಿಯನ್ನು ಮರೆತಿದ್ದೆವು. ಸಿಡಿಲು ತಾಮ್ರದ ತಂತಿ ಹಿಡಿದು ಮೋಡೆಮ್‌ಗೆ ಬಂತು, ಅಲ್ಲಿಂದ ಲ್ಯಾನ್ ಕೇಬಲ್ ಹಿಡಿದು ಮದರ್‌ಬೋರ್ಡಿಗೆ ಹೋಯಿತು. ಎರಡೂ ಕರಕಲು. ಈಗ ಫೈಬರ್ ಬಂದಿದೆ, ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಆ ಒಂದು ಭಯ ಹೋಯಿತು. ಗಾಳಿಗೆ ಮರ ಬಿದ್ದು ಫೈಬರೇ ತುಂಡಾಗುವುದು ಇದ್ದೇ ಇದೆ ಅನ್ನಿ.

ಇದೆಲ್ಲ ಈಗ ನೆನಪಾಗಲು ಕಾರಣ ಚಿಕ್ಕಪ್ಪನ ಮೊಮ್ಮಗ. ಪಿಯುಸಿ ಮುಗಿಸಿದ ಹುಡುಗ, ಗೇಮಿಂಗ್ ಕಂಪ್ಯೂಟರ್ ಬೇಕು ಅಂತ ಹಠ. ಫೋನ್ ಮಾಡಿ, "ದೊಡ್ಡಪ್ಪ, ಬರುವಾಗ ಅಲ್ಲಿಂದ ಒಂದು ಗ್ರಾಫಿಕ್ಸ್ ಕಾರ್ಡ್ ತನ್ನಿ, ಅಲ್ಲಿ ಚೀಪ್ ಅಲ್ವಾ?" ಅಂದ. ಆಟದ ಚಿತ್ರಗಳನ್ನು ಮೂಡಿಸುವ ಕಾರ್ಡು ಅದು. ಊರಲ್ಲಿ ಈ ನಂಬಿಕೆ ಇನ್ನೂ ಗಟ್ಟಿಯಾಗಿದೆ. ಇಲ್ಲಿನ ವ್ಯಾಟ್ ತೆರಿಗೆ ಶೇಕಡಾ 19, ನಮ್ಮ ಜಿಎಸ್‌ಟಿ ಶೇಕಡಾ 18. ಇಲ್ಲೇ ವಾಸ ಇರುವವನಿಗೆ ಆ ತೆರಿಗೆ ವಾಪಸ್ ಸಿಗುವುದೂ ಇಲ್ಲ. ಕೆಟ್ಟುಹೋದರೆ ಮಾರಿದ ಅಂಗಡಿ ಎರಡು ವರ್ಷ ಹೊಣೆ ಹೊರಬೇಕು ಅನ್ನುವುದು ಯುರೋಪಿನ ಕಾನೂನು, ಬಹಳ ಒಳ್ಳೆಯದು. ಆದರೆ ಅಂಗಡಿ ಮ್ಯೂನಿಕ್‌ನಲ್ಲಿ, ಕಾರ್ಡು ಶಾಂತಳ್ಳಿಯಲ್ಲಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ತಗೋ, ಕೆಟ್ಟರೆ ಬಸ್ಸಿನಲ್ಲಾದರೂ ಕಳಿಸಬಹುದು ಅಂದೆ. ಹುಡುಗನಿಗೆ ಬೇಜಾರಾಯಿತು.

ಯಾವ ಕಾರ್ಡು ಬೇಕೋ ಅಂದರೆ ಆರ್‌ಟಿಎಕ್ಸ್ 5090ರಿಂದ ಶುರು ಮಾಡಿದ. ಅದೊಂದೇ 575 ವ್ಯಾಟ್ ತಿನ್ನುತ್ತದೆ ಮಾರಾಯ. ಕರೆಂಟ್ ಹೋದಾಗ ಬ್ಯಾಟರಿಯಿಂದ ಕಂಪ್ಯೂಟರ್ ಓಡಿಸುವ ಯುಪಿಎಸ್ ಚಿಕ್ಕಪ್ಪನ ಮನೆಯಲ್ಲಿರುವುದು 600 ವಿಎಯದು. ಅಂದರೆ ಹೆಚ್ಚೆಂದರೆ 360 ವ್ಯಾಟ್‌ವರೆಗೆ ಎಳೆಯುತ್ತದೆ. ಆ ಕಾರ್ಡ್ ಹಾಕಿ ಆಟ ಶುರು ಮಾಡಿದ ಮೇಲೆ ಕರೆಂಟ್ ಹೋದರೆ ಯುಪಿಎಸ್ ಒಂದು ಸಲ ಕಿರುಚಿ ಮಲಗುತ್ತದೆ. ಸರಿ, 5070 ಅಂದ. ಅದು 250 ವ್ಯಾಟ್, ಪ್ರೊಸೆಸರ್ ಮಾನಿಟರ್ ಸೇರಿದರೆ ಅದೂ ದಾಟಿತು. 5060 ಆದರೆ 145. ಅಷ್ಟಕ್ಕೆ ಇರಲಿ, ಉಳಿದ ದುಡ್ಡಲ್ಲಿ ಒಳ್ಳೆಯ ಪವರ್ ಸಪ್ಲೈ ಹಾಕಿಸು, ದೊಡ್ಡ ಯುಪಿಎಸ್ ತಗೋ ಅಂದೆ. "ಯುಪಿಎಸ್‌ಗೆ ಯಾರಾದ್ರೂ ದುಡ್ಡು ಹಾಕ್ತಾರಾ ದೊಡ್ಡಪ್ಪ" ಅಂದ. ಹಾಕಬೇಕು. ಕೊಡಗಿನಲ್ಲಿ ಮೊದಲು ಅದಕ್ಕೇ ಹಾಕಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕಾರ್ಡಿನ ಮಾತು ಆಮೇಲೆ.

ಮನೆಯ ಇನ್ವರ್ಟರ್ ಇದೆಯಲ್ಲ ಅಂತ ಕೆಲವರು ಹೇಳುತ್ತಾರೆ. ಕರೆಂಟ್ ಹೋದಾಗ ಇನ್ವರ್ಟರ್ ಕೈಗೆತ್ತಿಕೊಳ್ಳಲು ಸೆಕೆಂಡಿನ ಒಂದು ಚೂರು ಹೊತ್ತು ಬೇಕು. ಬಲ್ಬಿಗೆ ಅದು ಗೊತ್ತೇ ಆಗುವುದಿಲ್ಲ, ಕಂಪ್ಯೂಟರ್ ಅಷ್ಟರಲ್ಲಿ ಆಫ್ ಆಗಿ ಆನ್ ಆಗಿರುತ್ತದೆ. ಎಷ್ಟೋ ಇನ್ವರ್ಟರ್‌ಗಳ ಹಿಂದೆ ಯುಪಿಎಸ್ ಮೋಡ್ ಅಂತ ಒಂದು ಸಣ್ಣ ಗುಂಡಿ ಇರುತ್ತದೆ, ಅದನ್ನು ಒತ್ತಿದರೆ ಈ ಹೊತ್ತು ಕಡಿಮೆಯಾಗುತ್ತದೆ. ಚಿಕ್ಕಪ್ಪನ ಮನೆಗೆ ಇನ್ವರ್ಟರ್ ಬಂದು ಆರು ವರ್ಷ. ಆ ಗುಂಡಿಯನ್ನು ನೋಡಿದ್ದು ಹೋದ ವರ್ಷ.

ಇಲ್ಲಿ ಮ್ಯೂನಿಕ್‌ನಲ್ಲಿ ಕರೆಂಟ್ ಹೋಗಿದ್ದು ನನಗೆ ನೆನಪಿಲ್ಲ. ಇಲ್ಲಿನವರ ತಲೆಬಿಸಿ ಬಿಲ್ಲಿನದು. ಯೂನಿಟ್‌ಗೆ ಹತ್ತಿರ ಹತ್ತಿರ 40 ಸೆಂಟ್. ಗೇಮಿಂಗ್ ಮಾಡುವ ಹುಡುಗರು ಕಾರ್ಡ್ ಕೊಳ್ಳುವ ಮೊದಲು ವ್ಯಾಟ್ ಲೆಕ್ಕ ಹಾಕುತ್ತಾರೆ. ದಿನಕ್ಕೆ ಮೂರು ಗಂಟೆ, 450 ವ್ಯಾಟ್ ಅಂದರೆ ತಿಂಗಳಿಗೆ 40 ಯೂನಿಟ್, ಹದಿನಾರು ಯೂರೋ. ನಮ್ಮ ಹುಡುಗನಿಗೆ ಈ ಲೆಕ್ಕ ಹೇಳಿದರೆ ನಕ್ಕ. "ಗೃಹಜ್ಯೋತಿ ಇದೆಯಲ್ಲ!" ಗೃಹಜ್ಯೋತಿಯಲ್ಲಿ ಮನೆಯ ಹಳೆಯ ಸರಾಸರಿಗೆ ಶೇಕಡಾ 10 ಸೇರಿಸಿದಷ್ಟು ಮಾತ್ರ ಪುಕ್ಕಟೆ, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್. ನಿನ್ನ 40 ಯೂನಿಟ್ ಸೇರಿದ ತಿಂಗಳು ತಾತ ಬಿಲ್ ಹಿಡಿದು ಬರುತ್ತಾರೆ, ಆಗ ನಗು ಅಂದೆ.

ಅಂದಹಾಗೆ ಸೆಂಟ್ ಅನ್ನುವ ಪದ ಕೇಳಿದರೆ ನನಗೆ ಈಗಲೂ ಮೊದಲು ನೆನಪಾಗುವುದು ಮಳೆ. ನಮ್ಮ ಕಡೆ ತೋಟದವರು ಮಳೆ ಅಳೆಯುವುದು ಇಂಚು, ಸೆಂಟಿನಲ್ಲಿ. ಇಂಚಿನ ನೂರರಲ್ಲಿ ಒಂದು ಪಾಲು ಒಂದು ಸೆಂಟ್. "ನಿಮ್ಮಲ್ಲಿ ಎಷ್ಟು?" "ಒಂದಿಂಚು ಇಪ್ಪತ್ತು ಸೆಂಟ್." ಬೆಳಗ್ಗಿನ ಕಾಫಿಯ ಜೊತೆ ಇದೇ ಮಾತು. ಚಿಕ್ಕಪ್ಪನ ಹತ್ತಿರ ಮಳೆ ಬರೆದಿಟ್ಟ ಪುಸ್ತಕಗಳು ದಂಡಿಯಾಗಿವೆ. ಅದನ್ನೆಲ್ಲ ನಾನೇ ಒಂದು ರಜೆಯಲ್ಲಿ ಎಕ್ಸೆಲ್‌ಗೆ ಹಾಕಿ, ಗ್ರಾಫ್ ತೆಗೆದು ತೋರಿಸಿದ್ದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮಾದಾಪುರ ಕಡೆ ಗುಡ್ಡಗಳು ಜರಿದವಲ್ಲ, ಆಗ ನಮ್ಮಲ್ಲೂ ದಿನಗಟ್ಟಲೆ ಕರೆಂಟ್ ಇರಲಿಲ್ಲ. ಬಂದು, ಹೋಗಿ, ಬಂದು ಮಾಡಿದ ಕರೆಂಟಿಗೆ ಹಾರ್ಡ್ ಡಿಸ್ಕ್ ಸತ್ತಿತು. ಬ್ಯಾಕಪ್? ನಾನು ಕಂಪ್ಯೂಟರ್ ಓದಿದವನು, ಬ್ಯಾಕಪ್ ಇಟ್ಟಿರಲಿಲ್ಲ. ಪುಸ್ತಕಗಳು ಒಲೆಯ ಮೇಲಿನ ಅಟ್ಟದಲ್ಲಿ ಬೆಚ್ಚಗಿದ್ದವು.

ಬೆಚ್ಚಗಿರುವುದೂ ಒಂದು ವಿದ್ಯೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬೆಲ್ಟಿಗೆ, ಚಪ್ಪಲಿಗೆ, ಕ್ಯಾಮೆರಾ ಲೆನ್ಸಿಗೆ ಎಲ್ಲಕ್ಕೂ ಬೂಷ್ಟು. ಬೀರುವಿನೊಳಗೆ ಒಂದು ಬಲ್ಬ್ ಉರಿಸಿಟ್ಟು ಕ್ಯಾಮೆರಾ ಇಡುವವರಿದ್ದಾರೆ. ಕಂಪ್ಯೂಟರಿಗೆ ಅಂಥ ಬೀರು ಇಲ್ಲ. ಅದಕ್ಕೇ ಮಳೆಗಾಲದಲ್ಲಿ ದಿನಾ ಒಂದು ಗಂಟೆಯಾದರೂ ಆನ್ ಮಾಡಿಡು ಅನ್ನುವುದು ಚಿಕ್ಕಪ್ಪನ ನಿಯಮ. ತನ್ನ ಬಿಸಿಗೆ ತಾನೇ ಒಣಗುತ್ತದೆ. ಆದರೂ ಒಂದು ದಿನ ಆನ್ ಆಗದೆ ಬರೀ ಬೀಪ್ ಬೀಪ್ ಅನ್ನುತ್ತದೆ. ಆಗ ಏನು ಮಾಡಬೇಕು ಅಂತ ನಮ್ಮೂರಿನ ಯಾವ ಹುಡುಗನನ್ನು ಕೇಳಿದರೂ ಹೇಳುತ್ತಾನೆ: ರ‍್ಯಾಮ್ ಅನ್ನುವ ಮೆಮೊರಿ ಪಟ್ಟಿ ಕಿತ್ತು ಅದರ ಹಳದಿ ಅಂಚನ್ನು ಪೆನ್ಸಿಲ್ ರಬ್ಬರಿನಲ್ಲಿ ಉಜ್ಜಿ ಮತ್ತೆ ಹಾಕು. ಹತ್ತರಲ್ಲಿ ಏಳು ಸಲ ಸರಿಯಾಗುತ್ತದೆ, ಇದು ನನ್ನ ಅನುಭವ. ತೇವಕ್ಕೆ ಆ ಅಂಚಿನ ಮೇಲೆ ಕೂತ ಕೊಳೆ ಹೋದರೆ ಸಾಕು, ಅಷ್ಟೇ ವಿಷಯ. ಆಫೀಸಿನಲ್ಲಿ ಒಮ್ಮೆ ಒಂದು ಹಳೆಯ ಡೆಸ್ಕ್‌ಟಾಪಿಗೆ ಹೀಗೆ ಮಾಡಿದೆ. ಸುತ್ತ ನಾಲ್ಕು ಜನ ನಿಂತು ಮಾಟಗಾರನನ್ನು ನೋಡುವ ಹಾಗೆ ನೋಡಿದರು.

ಕಂಪ್ಯೂಟರಿನ ಡಬ್ಬ, ಅಂದರೆ ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಅನ್ನುವುದೂ ಇಲ್ಲಿನವರಿಗೆ ಗೊತ್ತಿಲ್ಲ. ಪವರ್ ಸಪ್ಲೈ ಒಳಗಿನ ಸಣ್ಣ ಕೆಪಾಸಿಟರ್‌ಗಳಿಂದ ಸೋರುವ ಕರೆಂಟ್ ಅರ್ತ್ ತಂತಿಯಲ್ಲಿ ನೆಲಕ್ಕೆ ಹೋಗಬೇಕು. ಅರ್ತಿಂಗ್ ಸರಿಯಿಲ್ಲದಿದ್ದರೆ ಡಬ್ಬದ ಮೇಲೇ ಉಳಿಯುತ್ತದೆ. ಬೇಸಿಗೆಯಲ್ಲಿ ನೆಲ ಒಣಗಿದಾಗ ಇದು ಜಾಸ್ತಿ. ಅರ್ತ್ ತಂತಿ ಹೂತ ಗುಂಡಿಗೆ ಎರಡು ಕೊಡ ನೀರು ಹೊಯ್ಯಿರಿ, ಜುಮ್ ಅನ್ನುವುದು ನಿಲ್ಲುತ್ತದೆ. ಕಂಪ್ಯೂಟರಿಗೆ ನೀರು ಹಾಕಿ ರಿಪೇರಿ ಮಾಡುವವರು ನಾವು ಅಂತ ಇಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ.

ಇಷ್ಟೆಲ್ಲ ಹೊಗಳಿಕೊಂಡೆ. ಆದರೆ ನಮ್ಮವರ ಮೇಲೆ ಒಂದು ದೂರೂ ಇದೆ. ಹೇಗೋ ನಡೆಯುತ್ತಿದೆ ಅಂದರೆ ಅದನ್ನು ಮುಟ್ಟುವುದೇ ಇಲ್ಲ. ತೋಟದ ಚೆಕ್‌ರೋಲ್, ಅಂದರೆ ಕೆಲಸದವರ ಹಾಜರಿ ಮತ್ತು ಕೂಲಿಯ ಲೆಕ್ಕ, ಬರೆಯುವ ಕಂಪ್ಯೂಟರ್ ಹನ್ನೊಂದು ವರ್ಷದ್ದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ವಿಂಡೋಸ್ 11 ಹಾಕೋಣ ಅಂದರೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ಚಿಕ್ಕಪ್ಪನದು ನಾಲ್ಕನೆಯದು. ಯುರೋಪಿನಲ್ಲಿ ಗ್ರಾಹಕರ ಸಂಘಗಳು ಗಲಾಟೆ ಮಾಡಿದವು, ಮನೆಬಳಕೆಯವರಿಗೆ ಇನ್ನೊಂದು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಪುಕ್ಕಟೆ ಸಿಕ್ಕಿತು. ಊರಲ್ಲಿ? "ಓಡ್ತಾ ಇದೆಯಲ್ಲ, ಸುಮ್ನೆ ಯಾಕೆ ಕೆದಕ್ತೀಯ" ಅಂದರು ಚಿಕ್ಕಪ್ಪ. ಆ ಕಂಪ್ಯೂಟರಿನಲ್ಲೇ ಬ್ಯಾಂಕಿನ ಕೆಲಸವೂ ನಡೆಯುತ್ತದೆ.

ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕು ಅಂತ ಹುಡುಗನಿಗೆ ಹೇಳಿದೆ. ನಾನಿರುವ ಈ ಮ್ಯೂನಿಕ್‌ನ ನಗರಸಭೆ ಹಿಂದೆ ಸುಮಾರು 15,000 ಕಂಪ್ಯೂಟರುಗಳನ್ನು ಲಿನಕ್ಸ್‌ಗೆ ಬದಲಾಯಿಸಿತ್ತು. 2017ರಲ್ಲಿ ಮತ್ತೆ ವಿಂಡೋಸ್‌ಗೇ ಹೋಗುತ್ತೇವೆ ಅಂತ ತೀರ್ಮಾನ ಮಾಡಿದರು, ಅದು ಬೇರೆ ಮಾತು. ಹುಡುಗ ಲಿನಕ್ಸ್ ಮಿಂಟ್ ಹಾಕಿದ. ಚೆಕ್‌ರೋಲ್ ತೆರೆಯಿತು, ಕೂಲಿ ಲೆಕ್ಕ ಬಂತು, ಕನ್ನಡವೂ ಚೆನ್ನಾಗಿ ಮೂಡಿತು. ತೋಟದ ಲೆಕ್ಕ ಬರೆಯುವ ರೈಟರಿಗೂ ಒಗ್ಗಿತು. ಆಮೇಲೆ ಆಡಿಟರು ಟ್ಯಾಲಿ ಅನ್ನುವ ಲೆಕ್ಕಪತ್ರದ ಸಾಫ್ಟ್‌ವೇರಿನ ಫೈಲ್ ಕೇಳಿದರು. ಟ್ಯಾಲಿ ಓಡುವುದು ವಿಂಡೋಸ್‌ನಲ್ಲಿ. ಮೂರೇ ವಾರಕ್ಕೆ ನಮ್ಮದೂ ಮ್ಯೂನಿಕ್ ಕತೆಯೇ ಆಯಿತು.

ಕೆಲಸದ ಲ್ಯಾಪ್‌ಟಾಪಿನ ವಿಷಯದಲ್ಲಿ ಮಾತ್ರ ನಾನು ಇಲ್ಲಿನವರ ಪಕ್ಷ. ಸಂಜೆ ಐದಾದರೆ ಮುಚ್ಚಳ ಮುಚ್ಚಿತು. ನೌಕರ ಏನು ಮಾಡುತ್ತಿದ್ದಾನೆ ಅಂತ ನೋಡಬಲ್ಲ ಯಾವ ಸಾಫ್ಟ್‌ವೇರ್ ಹಾಕಬೇಕಾದರೂ, ನೌಕರರ ಸಮಿತಿ ಇರುವ ಕಂಪನಿಯಲ್ಲಿ ಆ ಸಮಿತಿ ಒಪ್ಪಬೇಕು. ಕಾಯಿದೆಯೇ ಹಾಗಿದೆ. ನನ್ನ ತಮ್ಮ, ಅಂದರೆ ಈ ಹುಡುಗನ ಅಪ್ಪ, ಊರಿನಲ್ಲೇ ಕೂತು ಬೆಂಗಳೂರಿನ ಒಂದು ಕಂಪನಿಗೆ ಕೆಲಸ ಮಾಡುತ್ತಾನೆ. ಅವನ ಲ್ಯಾಪ್‌ಟಾಪ್ ಆಗಾಗ ತಾನೇ ಸ್ಕ್ರೀನಿನ ಫೋಟೋ ತೆಗೆದು ಕಳಿಸುತ್ತದೆ. ಕರೆಂಟ್ ಹೋಗಿ ನೆಟ್ ಕಡಿದರೆ, ಆ ಹೊತ್ತಿನಲ್ಲಿ ಎಲ್ಲಿದ್ದೆ ಅಂತ ಕೇಳುತ್ತಾರಂತೆ. ಎಲ್ಲಿರುತ್ತಾನೆ? ಛತ್ರಿ ಹಿಡಿದು, ಫೋನ್ ಹಿಡಿದು, ಎರಡು ಗೆರೆ ಸಿಗ್ನಲ್ ಸಿಗುವ ರಸ್ತೆಯ ತಿರುವಿನಲ್ಲಿ. ಮಳೆಗಾಲದಲ್ಲಿ ನಮ್ಮೂರಿನ ಎಷ್ಟೋ ಜನರ ಆಫೀಸು ಅದೇ ತಿರುವು. ನೋಡುವ ಸಾಫ್ಟ್‌ವೇರಿಗೆ ದುಡ್ಡು ಹಾಕಿದ ಕಂಪನಿ ಅವನಿಗೊಂದು ಯುಪಿಎಸ್ ಕೊಡಿಸಬಹುದಿತ್ತು.

ಹಾಗಂತ ಜರ್ಮನಿಯವರು ಎಲ್ಲದರಲ್ಲೂ ಮುಂದೆ ಅಂತಲ್ಲ. ಇಲ್ಲಿ ಫ್ಯಾಕ್ಸ್ ಇನ್ನೂ ಸತ್ತಿಲ್ಲ. ನನ್ನ ಕೈಯಲ್ಲೇ ಒಂದು ಕಾಗದ ಫ್ಯಾಕ್ಸ್ ಮಾಡಿಸಿದ್ದಾರೆ. ಅದೇ ವಾರ ಚಿಕ್ಕಪ್ಪ ಸೋಮವಾರದ ಸಂತೆಗೆ ಮೊದಲು ಅಸ್ಸಾಮಿನಿಂದ ಬಂದ ಕೆಲಸದವರ ಕೂಲಿಯನ್ನು ಕಣದಲ್ಲಿ ನಿಂತೇ ಫೋನಿನಲ್ಲಿ ಕಳಿಸಿದ್ದರು. ಕೆಟ್ಟದ್ದನ್ನು ಬಿಚ್ಚಿ ನೋಡುವವರೂ ಇಲ್ಲಿ ಕಡಿಮೆ. ನಮ್ಮ ಬೀದಿಯಲ್ಲಿ ಬೇಕಾದವರು ಒಯ್ಯಿರಿ ಅಂತ ಚೀಟಿ ಅಂಟಿಸಿ ಮಾನಿಟರ್ ಇಟ್ಟಿದ್ದರು. ತಂದು ನೋಡಿದರೆ ಕೆಟ್ಟದ್ದು ಅದರ ಅಡಾಪ್ಟರ್ ಮಾತ್ರ. ಮೀಟಿಂಗ್ ನಡುವೆ ಗುಡುಗಿಗೆ ಪ್ಲಗ್ ಕಿತ್ತೆ ಅಂದೆನಲ್ಲ, ಅದೇ ಮಾನಿಟರ್.

ಹುಡುಗನ ಕಂಪ್ಯೂಟರ್ ಕೊನೆಗೂ ಆಯಿತು, ಸ್ವಲ್ಪ ತಡವಾಗಿ. ಅಷ್ಟರಲ್ಲಿ ರ‍್ಯಾಮ್ ರೇಟು ಎರಡೇ ತಿಂಗಳಲ್ಲಿ ದುಪ್ಪಟ್ಟು ದಾಟಿತ್ತು. ಎಐ ಡೇಟಾ ಸೆಂಟರುಗಳು ಇರುವ ಮೆಮೊರಿ ಚಿಪ್ಪನ್ನೆಲ್ಲ ಬಾಚುತ್ತಿವೆ, ನಮ್ಮಂಥವರಿಗೆ ಮಾರುವುದೇ ಬೇಡ ಅನ್ನುವಷ್ಟು. ಮೈಕ್ರಾನ್ ಕಂಪನಿ ತನ್ನ ಕ್ರೂಶಿಯಲ್ ಬ್ರ್ಯಾಂಡಿನ ಚಿಲ್ಲರೆ ವ್ಯಾಪಾರವನ್ನೇ ನಿಲ್ಲಿಸುವುದಾಗಿ 2025ರ ಡಿಸೆಂಬರ್‌ನಲ್ಲಿ ಹೇಳಿತು. 32 ಜಿಬಿ ಅಂತಿದ್ದವನು 16ಕ್ಕೆ ಇಳಿದ. ಕಾರ್ಡು 5060. ಯುಪಿಎಸ್ ಮಾತ್ರ ಹಳೆಯದೇ, 600 ವಿಎ. ಅದರ ಬ್ಯಾಟರಿಗೆ ಮೂರು ವರ್ಷವಾಯಿತು, ಮಳೆ ಹಿಡಿಯುವ ಮುಂಚೆ ಬದಲಿಸು ಅಂತ ಯುಗಾದಿಗೆ ಹೇಳಿದ್ದೆ. ಮೊನ್ನೆ ಫೋನ್ ಮಾಡಿದಾಗ ಬದಲಿಸಿದೆಯೇನೋ ಅಂದೆ. ಹಿಂದಿನಿಂದ ಚಿಕ್ಕಪ್ಪನ ದನಿ ಕೇಳಿತು, "ಎರಡಿಂಚು ಹತ್ತು ಸೆಂಟ್ ಅಂತ ಹೇಳೋ ಅವನಿಗೆ." ಆಮೇಲೆ ಎಲ್ಲೋ ದೂರದಲ್ಲಿ ಗುಡುಗು. "ಇರಿ ದೊಡ್ಡಪ್ಪ, ಪ್ಲಗ್ ಕಿತ್ತು ಬರ್ತೀನಿ" ಅಂದವನು ಫೋನನ್ನು ಮೇಜಿನ ಮೇಲೆ ಹಾಗೇ ಬಿಟ್ಟು ಓಡಿದ.